ಮೇಷ್ಟ್ರ ಮೂವತ್ತು ಸಾವಿರ ಮತ್ತು ವಿಶ್ವಕೋಶಗಳ ಕಥೆ

ಇಲ್ಲಿ ಬರೆಯದೆ ಎರಡು ತಿಂಗಳ ಮೇಲಾಯ್ತು. ಆಫೀಸು, ಮಳೆ, ಸೋಮಾರಿತನ, ಮೂರೂ ಸೇರಿಕೊಂಡಿದ್ದವು. ಮತ್ತೆ ಕೀಬೋರ್ಡಿನ ಮುಂದೆ ಕೂರಿಸಿದ್ದು ಊರಿಂದ ಬಂದ ಒಂದು ಫೋನು.

"ಏನಪ್ಪಾ, ಆರಾಮಾ? ಒಂದ್ ವಿಷ್ಯ ಕೇಳ್ಬೇಕಿತ್ತು. ಪುರುಸೊತ್ತಿದ್ಯಾ?"

ನನಗೆ ಏಳನೇ ಕ್ಲಾಸಿನಲ್ಲಿ ಸಮಾಜ ಪಾಠ ಮಾಡಿದ ಮೇಷ್ಟ್ರು. ರಿಟೈರಾಗಿ ಬಹಳ ವರ್ಷ ಆಯ್ತು. ತೀರ್ಥಹಳ್ಳಿ ಕಡೆಯ ನಮ್ಮ ಸಣ್ಣ ಊರಿನಲ್ಲಿ, ಹಾಲಿನ ಡೈರಿಯ ಮೇಲಿನ ಕೋಣೆಯಲ್ಲಿ ಒಂದು ಪುಟ್ಟ ಲೈಬ್ರರಿ ನಡೆಸ್ತಾರೆ. ಎರಡು ಕಬ್ಬಿಣದ ಬೀರು, ಒಂದು ಉದ್ದನೆ ಬೆಂಚು, ಯಾರೋ ಕೊಟ್ಟ ಗೋಡೆ ಗಡಿಯಾರ. ಕಾದಂಬರಿಗಳು ಬೇಕಾದಷ್ಟಿವೆ. ಇಲ್ಲದಿರೋದು ಅಂದರೆ ಏನಾದರೂ ಅನುಮಾನ ಬಂದಾಗ ತೆಗೆದು ನೋಡುವ ಪುಸ್ತಕಗಳು. ಈಗ ಹಳೇ ವಿದ್ಯಾರ್ಥಿಗಳು ಕೆಲವರು ಸೇರಿ ಮೂವತ್ತು ಸಾವಿರ ರೂಪಾಯಿ ಕಳಿಸಿದ್ದಾರೆ, ಅದನ್ನು ರೆಫರೆನ್ಸ್‌ಗೇ ಖರ್ಚು ಮಾಡಬೇಕು ಅಂತ ಕರಾರು ಹಾಕಿ.

ಕಮಿಟಿಯಲ್ಲಿ ಎರಡು ಪಾರ್ಟಿ ಆಗಿದೆ. ಹುಡುಗರ ಪಾರ್ಟಿ ಹೇಳೋದು: "ಈ ಕಾಲದಲ್ಲಿ ಡಿಕ್ಷನರಿ, ವಿಶ್ವಕೋಶ ಯಾರ್ ತಗೋತಾರೆ ಮೇಷ್ಟ್ರೆ, ಎರಡು ಟ್ಯಾಬ್ ತಗೊಂಡು ನೆಟ್ ಹಾಕ್ಸಿ." ಹಿರಿಯರ ಪಾರ್ಟಿಗೆ ಚಿನ್ನದ ಅಕ್ಷರದ ದಪ್ಪ ದಪ್ಪ ಪುಸ್ತಕ ಬೀರುವಿನಲ್ಲಿ ಸಾಲಾಗಿ ಕಾಣಬೇಕು.

"ನೀನು ಇಂಟರ್ನೆಟ್ಟಲ್ಲಿ ಏನೇನೋ ಬರೀತೀಯಂತಲ್ಲ, ನೀನೇ ಹೇಳು" ಅಂದರು ಮೇಷ್ಟ್ರು. ಎರಡು ದಿನ ಟೈಮ್ ಕೊಡಿ ಅಂದೆ. ಮೂರು ವಾರ ಹಿಡೀತು. ಯಾಕೆಂದರೆ ಆ ದುಡ್ಡು ಮತ್ತೆ ಬರುವಂಥದ್ದಲ್ಲ. ಇಂಥಾ ಲೈಬ್ರರಿಗೆ ಮೂವತ್ತು ಸಾವಿರ ಅನ್ನೋದು ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಸಂಗತಿ. ತಪ್ಪಿದರೆ ಇನ್ನೊಂದು ತಲೆಮಾರಿನ ಮಕ್ಕಳು "ಇಲ್ಲ" ಅಂತ ಕೇಳಿಸಿಕೊಂಡೇ ದೊಡ್ಡವರಾಗ್ತಾರೆ.

ನನ್ನ ಅಭಿಪ್ರಾಯ ಹೇಳೋದಕ್ಕಿಂತ, ನಮಗಿಂತ ಮೊದಲು ಇಂಥಾ ಪುಸ್ತಕಕ್ಕೆ ದುಡ್ಡು ಸುರಿದವರಿಗೆ ಏನಾಯ್ತು ಅಂತ ನೋಡೋಣ ಅಂತ ಹೊರಟೆ. ಆ ಓದಿನ ಫಲ ಇದು. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬನ್ನಿ.

ಮೊದಲು ಎಲ್ಲರಿಗೂ ಗೊತ್ತಿರುವ ಬ್ರಿಟಾನಿಕ. 1768ರಲ್ಲಿ ಎಡಿನ್‌ಬರೋ ಊರಿನಲ್ಲಿ ಆಂಡ್ರೂ ಬೆಲ್ ಅನ್ನುವ ಕೆತ್ತನೆಗಾರ, ಕಾಲಿನ್ ಮ್ಯಾಕ್‌ಫರ್ಕರ್ ಅನ್ನುವ ಮುದ್ರಕ, ಇಬ್ಬರೂ ಸೇರಿ ಶುರು ಮಾಡಿದ್ದು. ಬರೆಯೋದಕ್ಕೆ ವಿಲಿಯಂ ಸ್ಮೆಲ್ಲಿ ಅನ್ನುವ ಸಂಪಾದಕನನ್ನು ಇಟ್ಟುಕೊಂಡರು. ನನಗೆ ಇಷ್ಟವಾದ ಸಂಗತಿ ಅಂದರೆ ಅದು ಮೊದಲು ದಪ್ಪ ಪುಸ್ತಕವಾಗಿ ಬರಲೇ ಇಲ್ಲ. ಧಾರಾವಾಹಿ ಥರ ಬಿಡಿ ಬಿಡಿ ಕಂತುಗಳಲ್ಲಿ ಬಂತು. ಕೊಂಡವರು ಆಮೇಲೆ ಬೈಂಡ್ ಮಾಡಿಸಿಕೊಳ್ಳಬೇಕು. 1771ರ ಹೊತ್ತಿಗೆ ಮೂರು ಸಂಪುಟ ಆಯ್ತು. 1910-11ರ ಹನ್ನೊಂದನೇ ಆವೃತ್ತಿ ಬರುವಾಗ 29 ಸಂಪುಟ. ಆಮೇಲೆ ಅಮೆರಿಕದಲ್ಲಿ ಮನೆ ಮನೆ ಬಾಗಿಲಿಗೆ ಹೋಗಿ ಮಾರುವ ಸೇಲ್ಸ್‌ಮನ್‌ಗಳು, ಕಂತಿನ ಮೇಲೆ ಕೊಡೋದು, "ನಿಮ್ಮ ಮಗ ಮುಂದೆ ಬರಬೇಕಲ್ಲವೇ" ಅಂತ ಅಪ್ಪ ಅಮ್ಮಂದಿರ ಮನಸ್ಸು ಕರಗಿಸೋದು. 1990ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ಸೆಟ್ ಮಾರಾಟವಾಯ್ತಂತೆ. ಅಲ್ಲಿಂದ ಬಿದ್ದದ್ದು ಹೇಗೆ ಅಂದರೆ, ಆರೇ ವರ್ಷದಲ್ಲಿ, 1996ಕ್ಕೆ, ನಲವತ್ತು ಸಾವಿರ. ಆ ವರ್ಷವೇ ಬಾಗಿಲು ತಟ್ಟುವ ಸೇಲ್ಸ್‌ಮನ್‌ಗಳನ್ನೂ ಮನೆಗೆ ಕಳಿಸಿದರು.

ಕೊನೆಯ ಮುದ್ರಣ 2010ರದ್ದು. 32 ಸಂಪುಟ, ಬೆಲೆ 1,395 ಡಾಲರ್. ಅಚ್ಚು ಹಾಕಿದ್ದು ಹನ್ನೆರಡು ಸಾವಿರ ಸೆಟ್. 2012ರ ಮಾರ್ಚಿನಲ್ಲಿ "ಇನ್ನು ಅಚ್ಚು ಮಾಡಲ್ಲ" ಅಂತ ಹೇಳಿದಾಗ ನಾಲ್ಕು ಸಾವಿರ ಸೆಟ್ ಗೋಡೌನಿನಲ್ಲೇ ಕೂತಿತ್ತು. ನಿಲ್ಲಿಸ್ತಾರೆ ಅಂತ ಗೊತ್ತಾದ ಮೇಲೆ ಜನ ಅದಕ್ಕೂ ಮುಗಿಬಿದ್ದರು ಅನ್ನೋದು ಬೇರೆ ತಮಾಷೆ. ಸತ್ತ ಮೇಲೆ ಹೊಗಳೋದು ನಮ್ಮಲ್ಲಿ ಮಾತ್ರ ಅಲ್ಲ.

ಈ ಬ್ರಿಟಾನಿಕವನ್ನು ನಾನು ಕಣ್ಣಾರೆ ಕಂಡದ್ದು ಕಾಲೇಜಿನಲ್ಲಿ. ಗಾಜಿನ ಬಾಗಿಲಿನ ಬೀರು. ಬೀಗ. ಬೀಗದ ಕೈ ಲೈಬ್ರೇರಿಯನ್ ಮೇಜಿನ ಡ್ರಾಯರಿನಲ್ಲಿ. ಡ್ರಾಯರಿನ ಕೈ ಅವರ ಸೊಂಟದಲ್ಲಿ. ಮೂರು ವರ್ಷದಲ್ಲಿ ನಾನು ಆ ಬೀರು ತೆರೆದದ್ದು ನೋಡಿದ್ದು ಒಂದೇ ಸಲ, ಇನ್‌ಸ್ಪೆಕ್ಷನ್ ಬಂದಿತ್ತು. ಆಮೇಲೆ ಎಷ್ಟೋ ವರ್ಷದ ನಂತರ ಹೋದಾಗ ಆ ಸೆಟ್ಟು ಇರಲಿಲ್ಲ. ಗೆದ್ದಲು ಹಿಡಿದು ರದ್ದಿಗೆ ಹೋಯ್ತು ಅಂದರು. ಮಲೆನಾಡಿನ ಮಳೆಗಾಲ, ಗಾಳಿಯಾಡದ ಬೀರು, ಯಾರೂ ತೆಗೆಯದ ಪುಸ್ತಕ. ಬೂಷ್ಟು ಬರದೆ ಇನ್ನೇನು ಬರುತ್ತೆ? ತೆಗೆದು ಓದಿದ್ದರೆ ಉಳೀತಿತ್ತೇನೋ. ಪುಸ್ತಕಕ್ಕೂ ಗಾಳಿ ಬೇಕು.

ಹಾಗಾಗಿ ಹಿರಿಯರ ಪಾರ್ಟಿಗೆ ನನ್ನ ಓಟು ಸುಲಭಕ್ಕೆ ಬೀಳಲ್ಲ.

ಆದರೆ ಹುಡುಗರ ಪಾರ್ಟಿಯ ಅಜ್ಜನ ಕಥೆಯೂ ಕೇಳಬೇಕಲ್ಲ. ಆ ಅಜ್ಜನ ಹೆಸರು ಸಿ.ಡಿ.

1980ರ ದಶಕದಲ್ಲಿ ಮೈಕ್ರೋಸಾಫ್ಟ್ ಕಂಪನಿ ಬ್ರಿಟಾನಿಕದವರ ಹತ್ತಿರ ಹೋಗಿ, ನಿಮ್ಮ ವಿಶ್ವಕೋಶವನ್ನು ಕಂಪ್ಯೂಟರಿಗೆ ಹಾಕೋಣ ಅಂತ ಕೇಳಿತ್ತು. ಇವರು ಒಲ್ಲೆ ಅಂದರು. ಅವರು ದಡ್ಡರೇನಲ್ಲ. 1989ರಲ್ಲಿ ಕಾಂಪ್ಟನ್ ಅನ್ನುವ ತಮ್ಮದೇ ಕಿರಿಯ ವಿಶ್ವಕೋಶವನ್ನು ಚಿತ್ರ, ದನಿ ಎಲ್ಲ ಸೇರಿಸಿ ಸಿ.ಡಿ.ಯಲ್ಲಿ ತಂದವರೂ ಅವರೇ. ಹಿರೇ ಮಗನನ್ನು ಮಾತ್ರ ಮನೆಯಿಂದ ಆಚೆ ಕಳಿಸೋಕೆ ಮನಸ್ಸು ಬರಲಿಲ್ಲ, ಅಷ್ಟೇ. ಮೈಕ್ರೋಸಾಫ್ಟ್‌ನವರು ಫಂಕ್ ಅಂಡ್ ವ್ಯಾಗ್ನಲ್ಸ್ ಅನ್ನುವ ಅಷ್ಟೇನೂ ಪ್ರಸಿದ್ಧವಲ್ಲದ ವಿಶ್ವಕೋಶದ ಹಕ್ಕು ತಗೊಂಡು 1993ರಲ್ಲಿ ಎನ್‌ಕಾರ್ಟ ತಂದರು. ಮುಂದಿನದು ನಿಮಗೆ ಗೊತ್ತು. ಕಂಪ್ಯೂಟರ್ ಕೊಂಡರೆ ವಿಶ್ವಕೋಶ ಜೊತೆಗೇ ಬರುವ ಕಾಲ ಬಂತು.

ನಾನೂ ಮೊದಲ ಸಂಬಳದಲ್ಲಿ ಒಂದು ವಿಶ್ವಕೋಶದ ಸಿ.ಡಿ. ಕೊಂಡಿದ್ದೆ. (ಯಾವುದು ಅಂತ ಹೇಳಲ್ಲ, ಅದೂ ಪಾಪ.) ಅದರಲ್ಲಿ ಹಕ್ಕಿಯ ಚಿತ್ರದ ಮೇಲೆ ಒತ್ತಿದರೆ ಹಕ್ಕಿ ಕೂಗ್ತಿತ್ತು. ಊರಿಗೆ ಒಯ್ದು ತೋರಿಸಿದಾಗ ಅಜ್ಜಿ "ಇದ್ಯಾವ ಹಕ್ಕಿನೋ, ನಮ್ಮನೆ ಹಿತ್ಲಲ್ಲಿ ಬರದ ಹಕ್ಕಿ" ಅಂದಿದ್ದಳು. ಈ ಲೇಖನಕ್ಕೋಸ್ಕರ ಆ ಸಿ.ಡಿ. ಹುಡುಕಿ ತೆಗೆದೆ. ಗೀರಿಲ್ಲ, ಥಳಥಳ ಹೊಳೀತಿದೆ. ಹಾಕೋದಕ್ಕೆ ಲ್ಯಾಪ್‌ಟಾಪಿನಲ್ಲಿ ತೂತೇ ಇಲ್ಲ! ಪಕ್ಕದ ಮನೆಯವರ ಹಳೇ ಡ್ರೈವ್ ತಂದು ಹಾಕಿದರೆ, ಈ ವಿಂಡೋಸ್‌ನಲ್ಲಿ ಓಡಲ್ಲ ಅಂತು. ಗೆದ್ದಲು ತಿನ್ನದ, ಬೂಷ್ಟು ಹಿಡಿಯದ, ಆದರೂ ಸತ್ತ ಪುಸ್ತಕ.

ಎನ್‌ಕಾರ್ಟ ಮುಗಿದದ್ದು 2009ರಲ್ಲಿ. ಗಮನಿಸಿ, ಅದನ್ನು ನೋಡಿ ಎದೆ ಹಿಡಿದುಕೊಂಡ ಬ್ರಿಟಾನಿಕ ಅದಕ್ಕಿಂತ ಮೂರು ವರ್ಷ ಹೆಚ್ಚೇ ಅಚ್ಚಿನಲ್ಲಿ ಬದುಕಿತು. 244 ವರ್ಷದ ಮುದುಕಿ, 16 ವರ್ಷದ ಹುಡುಗ. ಇಬ್ಬರನ್ನೂ ಹಿಂದೆ ಹಾಕಿದ್ದು 2001ರ ಜನವರಿಯಲ್ಲಿ ಹುಟ್ಟಿದ ವಿಕಿಪೀಡಿಯ, ಸಂಬಳ ಇಲ್ಲದ ಜನ ಬರೆದದ್ದು. ಇಲ್ಲಿ ಒಂದು ಮಾತು ಸೇರಿಸಲೇಬೇಕು: ಅಚ್ಚಿನ ವಿಶ್ವಕೋಶವೆಲ್ಲ ಬ್ರಿಟಾನಿಕದ ಜೊತೆ ಸತ್ತಿಲ್ಲ. ಶಾಲೆ ಮಕ್ಕಳಿಗಾಗಿ ಬರುವ 22 ಸಂಪುಟದ ವರ್ಲ್ಡ್ ಬುಕ್ ಆಮೇಲೂ ಅಚ್ಚಾಗುತ್ತಲೇ ಬಂತು. ಕೊಳ್ಳುವವರು ಹೆಚ್ಚಾಗಿ ಶಾಲೆಗಳು, ಲೈಬ್ರರಿಗಳು.

"ವಿಕಿಪೀಡಿಯ ನಂಬಬಹುದಾ?" ಇದು ಮೇಷ್ಟ್ರ ಎರಡನೇ ಫೋನಿನ ಮೊದಲ ಪ್ರಶ್ನೆ. ಇದಕ್ಕೆ 2005ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆ ಒಂದು ಪರೀಕ್ಷೆ ಮಾಡಿತ್ತು. ವಿಜ್ಞಾನದ 42 ವಿಷಯಗಳ ಮೇಲೆ ಎರಡೂ ಕಡೆಯ ಲೇಖನಗಳನ್ನು ತಜ್ಞರಿಗೆ ಕೊಟ್ಟು, ಯಾವುದು ಎಲ್ಲಿಯದು ಅಂತ ಹೇಳದೆ, ತಪ್ಪು ಹುಡುಕಿ ಅಂದಿತು. ವಿಕಿಪೀಡಿಯದಲ್ಲಿ 162 ತಪ್ಪು, ಬ್ರಿಟಾನಿಕದಲ್ಲಿ 123. ತೀರಾ ದೊಡ್ಡ ತಪ್ಪುಗಳು ಎರಡರಲ್ಲೂ ನಾಲ್ಕು ನಾಲ್ಕು. ಮಾರನೇ ವರ್ಷ ಬ್ರಿಟಾನಿಕದವರು ಕೆಂಡಾಮಂಡಲವಾಗಿ, ಪರೀಕ್ಷೆಯೇ ಸರಿ ಇಲ್ಲ ಅಂತ ಉದ್ದದ ಉತ್ತರ ಕೊಟ್ಟರು. ಜಗಳ ಏನೇ ಇರಲಿ, ನನಗೆ ತಟ್ಟಿದ್ದು ಬೇರೆ. ಬೀಗ ಹಾಕಿಟ್ಟ ಆ ಚಿನ್ನದ ಅಕ್ಷರದ ಪುಸ್ತಕದಲ್ಲೂ ಲೇಖನಕ್ಕೆ ಸರಾಸರಿ ಮೂರು ತಪ್ಪು ಇತ್ತು! ಯಾರಿಗೂ ಗೊತ್ತಾಗಿರಲಿಲ್ಲ.

"ಹಾಗಾದ್ರೆ ಟ್ಯಾಬೇ ಸೈ ಅಂತೀಯಾ?" ಅಂದರು ಮೇಷ್ಟ್ರು.

"ತಡೀರಿ ಮೇಷ್ಟ್ರೆ, ಇದೆಲ್ಲ ಇಂಗ್ಲಿಷಿನ ಕಥೆ ಆಯ್ತು. ಕನ್ನಡದ್ದು ಬೇರೇನೇ ಇದೆ."

ಹೌದು, ಬೇರೇನೇ. ಇಂಗ್ಲಿಷಿನವರಿಗೆ ಒಂದರ ಬದಲು ಒಂದು ಅಂತ ಹತ್ತು ಇವೆ. ನಮಗೆ ಒಂದೊಂದೂ ಒಬ್ಬೊಬ್ಬರ ಆಯುಷ್ಯ.

ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಅನ್ನುವ ಪಾದ್ರಿ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದ. ಆಮೇಲೆ ಕಿಟೆಲ್. 1832ರಲ್ಲೇ, ಜರ್ಮನಿಯ ಉತ್ತರ ತುದಿಯ ಒಂದು ಹಳ್ಳಿಯಲ್ಲಿ ಹುಟ್ಟಿದವನು. 1853ರಲ್ಲಿ ಬಾಸೆಲ್ ಮಿಷನ್ ಪರವಾಗಿ ನಮ್ಮ ಕಡೆ ಬಂದ. ನಿಘಂಟು ಅಚ್ಚಾಗಿದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಸುಮಾರು ಎಪ್ಪತ್ತು ಸಾವಿರ ಪದ. ಬರೀ ಅರ್ಥ ಅಲ್ಲ, ಆ ಪದ ಮೈಸೂರು ಕಡೆಯದೋ, ಮುಂಬಯಿ ಪ್ರಾಂತ್ಯದ ಕಡೆಯದೋ ಅಂತ ಗುರುತು ಹಾಕ್ತಾನೆ. ಸಿಕ್ಕಿದಲ್ಲೆಲ್ಲ ಗಾದೆ ತುರುಕ್ತಾನೆ. ಒಂದು ಪದ ನೋಡೋಕೆ ಹೋಗಿ ಅರ್ಧ ಗಂಟೆ ಕಳೆಯೋದು ಗ್ಯಾರಂಟಿ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವನಿಗೆ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ. ಮದರಾಸು ವಿಶ್ವವಿದ್ಯಾಲಯದವರು ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ನಾಲ್ಕು ಸಂಪುಟದಲ್ಲಿ 1968ರಿಂದ ಮುಂದಕ್ಕೆ ಮತ್ತೆ ತಂದರು.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕಥೆ ಇನ್ನೂ ಉದ್ದ. 1940ರ ದಶಕದಲ್ಲಿ ಕೆಲಸ ಶುರು. ಶಾಸನ, ಹಳಗನ್ನಡ ಕಾವ್ಯ ಎಲ್ಲ ಓದಿ ಪದಕ್ಕೊಂದು ಚೀಟಿ ಬರೆದು ಜೋಡಿಸುವ ಕೆಲಸ. ಸಂಪಾದಕರು ಬದಲಾದರು, ಕೆಲವರು ತೀರಿಕೊಂಡರು, ಚೀಟಿ ಮಾತ್ರ ಬೆಳೀತಾ ಹೋಯ್ತು. ಎಂಟನೇ ಸಂಪುಟ ಹೊರಬಂದದ್ದು 1995ರಲ್ಲಿ. ಒಂಬತ್ತು ಸಾವಿರಕ್ಕೂ ಹೆಚ್ಚು ಪುಟ. ಕೊನೆ ಮುಟ್ಟಿಸಿದವರಲ್ಲಿ ಮುಖ್ಯರು ಜಿ. ವೆಂಕಟಸುಬ್ಬಯ್ಯನವರು. ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಗಳ ಅನುಮಾನಕ್ಕೆ ಉತ್ತರ ಕೊಡ್ತಿದ್ದರಲ್ಲ, ಅವರೇ. 2021ರ ಏಪ್ರಿಲ್‌ನಲ್ಲಿ, ನೂರೇಳು ವರ್ಷ ತುಂಬು ಬಾಳು ಬಾಳಿ ಹೋದರು. ಅವರೇ ಒಂದು ನಡೆದಾಡುವ ರೆಫರೆನ್ಸ್ ಸೆಕ್ಷನ್ ಆಗಿದ್ದರು ಅನ್ನಬಹುದು.

ವಿಶ್ವಕೋಶ ಅಂತ ಬಂದರೆ ಕಾರಂತಜ್ಜನನ್ನು ಬಿಡೋಕಾಗಲ್ಲ. 1930ರ ದಶಕದಲ್ಲಿ ಒಬ್ಬರೇ ಕೂತು ಮಕ್ಕಳಿಗಾಗಿ ಮೂರು ಸಂಪುಟದ 'ಬಾಲ ಪ್ರಪಂಚ' ಬರೆದರು. 1959ರಿಂದ ಮುಂದಕ್ಕೆ ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ'. ಬೇರೆ ದೇಶದಲ್ಲಿ ಕಮಿಟಿ, ಉಪಕಮಿಟಿ ಮಾಡುವ ಕೆಲಸವನ್ನು ಈ ಮನುಷ್ಯ ಕಾದಂಬರಿ, ಯಕ್ಷಗಾನದ ನಡುವೆ ಮಾಡಿ ಮುಗಿಸಿದ್ದರು.

ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ' ಇದೆಯಲ್ಲ, ಹಿರಿಯರ ಪಾರ್ಟಿಯ ಕಣ್ಣು ಇದರ ಮೇಲೆ. ಹದಿನಾಲ್ಕು ಸಂಪುಟ. ಮೊದಲನೆಯದು ಬಂದದ್ದು 1969ರಲ್ಲಿ. ಕೊನೆಯದು ಬರುವಾಗ ಶತಮಾನವೇ ಬದಲಾಗಿತ್ತು. ಅಕ್ಷರಾನುಕ್ರಮದ ದೊಡ್ಡ ಪುಸ್ತಕ ನಿಧಾನವಾಗಿ ಬಂದರೆ ಒಂದು ವಿಚಿತ್ರ ಆಗುತ್ತೆ, ಯೋಚನೆ ಮಾಡಿ. 'ಅ' ಅಕ್ಷರದವರಿಗೆ ಒಂದು ಕಾಲ, 'ಹ' ಅಕ್ಷರದವರಿಗೆ ಇನ್ನೊಂದು ಕಾಲ! ಮೊದಲ ಸಂಪುಟ ಬಂದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು, 19 ಜಿಲ್ಲೆ. ಕರ್ನಾಟಕ ಅಂತ ಆದದ್ದು 1973ರ ನವೆಂಬರಿನಲ್ಲಿ. 2021ರಲ್ಲಿ ವಿಜಯನಗರ ಸೇರಿ ಈಗ 31 ಜಿಲ್ಲೆ. ಒಂದೇ ಬೀರುವಿನ ಒಂದೇ ಸಾಲಿನಲ್ಲಿ ಮೂವತ್ತು ಚಿಲ್ಲರೆ ವರ್ಷದ ಅಂತರ ಇರುವ ಪುಸ್ತಕಗಳು ಒಂದೇ ಬಣ್ಣದ ಅಂಗಿ ಹಾಕಿಕೊಂಡು ನಿಂತಿರುತ್ತವೆ. ಮಕ್ಕಳಿಗೆ ಅದು ಗೊತ್ತಾಗಲ್ಲ. ಯಾರಾದರೂ ಹೇಳಬೇಕು, ಇಲ್ಲವೇ ಮೊದಲ ಪುಟದ ಮೇಲೆ ವರ್ಷವನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಬೇಕು.

ಹಾಗಂತ ಅದು ಕೆಲಸಕ್ಕೆ ಬಾರದ್ದು ಅಂತಲ್ಲ. ಜಿಲ್ಲೆ ಎಷ್ಟು, ಜನಸಂಖ್ಯೆ ಎಷ್ಟು ಅನ್ನೋದು ಹಳತಾಗುತ್ತೆ. ಹೊಯ್ಸಳರ ದೇವಸ್ಥಾನ ಹೇಗೆ ಕಟ್ಟಿದರು, ಅಡಿಕೆ ಕೊಳೆರೋಗ ಅಂದರೇನು ಅನ್ನೋದು ಅಷ್ಟು ಬೇಗ ಹಳತಾಗಲ್ಲ.

ಇನ್ನು ಕನ್ನಡದ ಆನ್‌ಲೈನ್ ಕಥೆ. ಇದನ್ನು ನಿಮಗೆ ಹೇಳೋದು ಅಂದರೆ ಸಮುದ್ರದವರಿಗೆ ಉಪ್ಪು ಮಾರಿದ ಹಾಗೆ. ಆದರೂ ಮೇಷ್ಟ್ರಿಗೆ ಹೇಳಬೇಕಾಯ್ತು. ಮೊದಲು ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಫಾಂಟ್ ಇಳಿಸಿಕೊಳ್ಳದಿದ್ದರೆ ಕನ್ನಡದ ಜಾಗದಲ್ಲಿ ಎಂಥದೋ ಗಿಜಿಬಿಜಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಗಣಕ ಪರಿಷತ್ತಿನ 'ನುಡಿ'. ಟೈಪ್ ಮಾಡೋದೇನೋ ಆಯ್ತು, ಹುಡುಕೋದು ಆಗ್ತಿರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, ನಮ್ಮಂಥವರ ಕಂಪ್ಯೂಟರಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಜೊತೆ, ಆ ತುಂಗಾ ಫಾಂಟಿನಲ್ಲಿ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯ್ತು. ಈಗ ಮೂವತ್ತು ಸಾವಿರ ಲೇಖನ ದಾಟಿದೆ. ಇಂಗ್ಲಿಷಿನಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು. ಲೆಕ್ಕ ನೀವೇ ಹಾಕಿ.

ಒಳ್ಳೆಯದೂ ಆಗಿದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿಶ್ವಕೋಶದ ಕೆಲವು ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದು ಅಂತ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಸ್ವಯಂಸೇವಕರು ಕೂತು ಅದನ್ನು ವಿಕಿಸೋರ್ಸ್‌ಗೆ ಸೇರಿಸಿದರು. 2019ರಲ್ಲಿ 'ಅಲರ್' ಬಂತು. ವಿ. ಕೃಷ್ಣ ಅನ್ನುವವರು ದಶಕಗಳ ಕಾಲ ಒಬ್ಬರೇ ತಯಾರು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಪದ, ಪುಕ್ಕಟೆ. ಕೈಲಾಶ್ ನಾಧ್ ಅದನ್ನು ಅಂತರ್ಜಾಲಕ್ಕೆ ತಂದರು. ನೋಡಿ, ಮತ್ತೆ ಒಬ್ಬ ಮನುಷ್ಯನ ಆಯುಷ್ಯವೇ. ಕಿಟೆಲ್ ಕಾಲದಿಂದ ಇಲ್ಲಿಯವರೆಗೆ ನಮ್ಮ ಪದ್ಧತಿ ಬದಲಾಗಿಲ್ಲ.

ಕೆಟ್ಟದ್ದು ಅಂದರೆ, ಹೋಗಿಬಿಡೋದು. 2009ರಲ್ಲಿ ಜಿಯೋಸಿಟೀಸ್ ಮುಚ್ಚಿದಾಗ ಅದರಲ್ಲಿದ್ದ ಪುಟಗಳೆಲ್ಲ ಒಂದೇ ದಿನ ಮಾಯ. ಯಾರೋ ಕಷ್ಟಪಟ್ಟು ಟೈಪ್ ಮಾಡಿದ ಗಾದೆ ಸಂಗ್ರಹ, ಪದಪಟ್ಟಿ ಅಂಥವೂ ಅದರಲ್ಲಿದ್ದವು. ನನ್ನ ಹಳೇ ಬುಕ್‌ಮಾರ್ಕಿನಲ್ಲಿ ಕನ್ನಡ ಪದಗಳಿಗೆ ಸಂಬಂಧಿಸಿದ ಹನ್ನೊಂದು ತಾಣಗಳಿದ್ದವು. ಮೊನ್ನೆ ಒಂದೊಂದಾಗಿ ಒತ್ತಿದೆ. ನಾಲ್ಕು ತೆರೆದವು. ಒಂದರಲ್ಲಿ ಈಗ ಯಾವುದೋ ಸಾಲದ ಜಾಹೀರಾತು ಇದೆ.

ಲೈಬ್ರರಿಯ ಮಾತು ಬಂದಾಗ ಎಸ್.ಆರ್. ರಂಗನಾಥನ್ ನೆನಪಾಗದೆ ಇರಲ್ಲ. ಬೆಂಗಳೂರಿನವರಾಗಿ ಕೊನೆಯುಸಿರೆಳೆದವರು (1972), 1962ರಲ್ಲಿ ಇಲ್ಲೇ ಡಿ.ಆರ್.ಟಿ.ಸಿ. ಕಟ್ಟಿದವರು. ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ ಇಷ್ಟೇ, ಪುಸ್ತಕ ಇರೋದು ಬಳಸೋದಕ್ಕೆ. ಓದುವವರ ಸಮಯ ಉಳಿಸಬೇಕು ಅನ್ನೋದು ಇನ್ನೊಂದು. ನನ್ನ ಕಾಲೇಜಿನ ಬೀಗದ ಬೀರು ಎರಡನ್ನೂ ಮುರಿದಿತ್ತು. ಆದರೆ ಕರೆಂಟಿಲ್ಲದ ಮಧ್ಯಾಹ್ನ ತಿರುಗ್ತಾ ಇರುವ ಟ್ಯಾಬಿನ ಗುಂಡು ಚಕ್ರವೂ ಮುರಿಯುತ್ತೆ, ಅಲ್ವಾ? ನಮ್ಮೂರಿನಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೆಟ್‌ವರ್ಕ್ ಅನ್ನೋದು ಅತಿಥಿ ಇದ್ದ ಹಾಗೆ.

ಇಷ್ಟೆಲ್ಲ ಓದಿ ತಲೆ ಕೆಡಿಸಿಕೊಂಡು, ಹಬ್ಬಕ್ಕೆ ಊರಿಗೆ ಹೋದಾಗ ಲೈಬ್ರರಿಗೇ ಹೋಗಿ ಕೂತೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು ಮೇಷ್ಟ್ರ ಹತ್ತಿರ ಕೇಳಿದಳು: "ಸಾರ್, ನಮ್ಮನೆ ಕೆಳಗಿನ ಗದ್ದೆಗೆ ಉಂಬಳಿ ಗದ್ದೆ ಅಂತಾರಲ್ಲ, ಯಾಕೆ?"

"ಮನೇಲಿ ಫೋನಲ್ಲಿ ನೋಡ್ಲಿಲ್ವಾ?" ಅಂದೆ ನಾನು, ಪಟ್ಟಣದವನ ಥರ.

"ಫೋನು ಅಣ್ಣನ ಹತ್ರ ಇರತ್ತೆ" ಅಂದಳು.

ನನ್ನ ಮೂರು ವಾರದ ಓದಿನಲ್ಲಿ ಈ ಒಂದು ಸಾಲು ಎಲ್ಲೂ ಇರಲಿಲ್ಲ. ಆನ್‌ಲೈನ್ ಪುಕ್ಕಟೆ, ಎಲ್ಲರಿಗೂ ಮುಕ್ತ ಅಂತ ನಾವು ಹೇಳ್ತೀವಿ. ಆ ಬಾಗಿಲಿನ ಬೀಗದ ಕೈ ಮನೆಯ ಗಂಡುಹುಡುಗನ ಜೇಬಿನಲ್ಲಿದೆ. ಕಾಲೇಜಿನ ಡ್ರಾಯರಿಗೂ ಇದಕ್ಕೂ ಏನು ವ್ಯತ್ಯಾಸ? ಲೈಬ್ರರಿಯಲ್ಲಿ ಟ್ಯಾಬ್ ಇಟ್ಟರೂ ಅದು ಯಾರ ಕೈಗೆ ಹೋಗುತ್ತೆ, ಅದರಲ್ಲಿ ಕ್ರಿಕೆಟ್ ನೋಡ್ತಾರೋ ಪದ ನೋಡ್ತಾರೋ ಅಂತ ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಅನುಮಾನಿಸ್ತಾ ಇದ್ದದ್ದು, ಬಾಯಿಬಿಟ್ಟು ಹೇಳಿರಲಿಲ್ಲ.

ನನ್ನ ಫೋನಿನಲ್ಲಿ 'ಉಂಬಳಿ' ಅಂತ ಹುಡುಕಿದೆ. ಮೊದಲ ಪುಟದಲ್ಲಿ ಒಂದು ಸಿನಿಮಾ ಹಾಡು, ಎರಡು ರಾಜಕೀಯ ಸುದ್ದಿ ಬಂತು. ಇಳಿಸಿಟ್ಟುಕೊಂಡಿದ್ದ ಕಿಟೆಲ್ ಸ್ಕ್ಯಾನ್ ತೆಗೆದೆ. ಸ್ಕ್ಯಾನಿನಲ್ಲಿ ಪದ ಹೊಡೆದು ಹುಡುಕೋಕಾಗಲ್ಲ, ಅಚ್ಚಿನ ಪುಸ್ತಕದ ಹಾಗೇ ಪುಟ ತಿರುಗಿಸಬೇಕು. ಸೊನ್ನೆ ಇರುವ ಪದ ಎಲ್ಲಿ ಬರುತ್ತೆ ಅನ್ನೋದು ಒಂದೊಂದು ನಿಘಂಟಿನಲ್ಲಿ ಒಂದೊಂದು ಥರ, ನಾನೇ ತಡಕಾಡಿದೆ. ಸಿಕ್ಕಿತು. ಕರ ಇಲ್ಲದೆ ಬಿಟ್ಟುಕೊಟ್ಟ ಭೂಮಿ. ಹುಡುಗಿ ಬಿಡಲಿಲ್ಲ. "ಯಾರು ಕೊಟ್ರು? ಯಾರಿಗೆ?"

ಅದಕ್ಕೆ ನಿಘಂಟಿನಲ್ಲಿ ಉತ್ತರ ಇರಲ್ಲ. ಆಗ ನೆನಪಾದದ್ದು ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'. ಮೈಸೂರು ಸಂಸ್ಥಾನದ ಊರೂರಿನ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ ಸಂಪುಟಗಳು. ಮೊದಲನೆಯದು, ಕೊಡಗಿನದು, 1886ರಲ್ಲಿ ಬಂತು. ನಮ್ಮ ಶಿವಮೊಗ್ಗ ಜಿಲ್ಲೆಗೆ ಎರಡು ಸಂಪುಟ, ಏಳು ಮತ್ತು ಎಂಟು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎಂಟರಲ್ಲಿವೆ, 1904ರದ್ದು. ಇಂಗ್ಲಿಷ್ ಅನುವಾದ ಇದೆ, ಮೂಲವನ್ನು ಕನ್ನಡ ಲಿಪಿಯಲ್ಲೂ ಕೊಟ್ಟಿದ್ದಾರೆ. ನೂರಿಪ್ಪತ್ತು ವರ್ಷ ಹಳೆಯದು, ಹಕ್ಕುಸ್ವಾಮ್ಯ ಮುಗಿದಿದೆ, ಆರ್ಕೈವ್ ತಾಣದಲ್ಲಿ ಇಡೀ ಸಂಪುಟ ಪುಕ್ಕಟೆ. ಮಾಳಿಗೆಯ ಕಿಟಕಿ ಹತ್ತಿರ ನಿಂತು ಸಿಗ್ನಲ್ ಹಿಡಿದು ಇಳಿಸಿದ್ದಾಯ್ತು. ಅವಳ ಗದ್ದೆ ಯಾರು ಕೊಟ್ಟದ್ದು ಅಂತ ಸಿಗಲಿಲ್ಲ. ಆದರೆ ಪಕ್ಕದ ಊರಿನ ಹೆಸರು ಸಿಕ್ಕಿತು, ಭೂಮಿ ದಾನ ಕೊಟ್ಟ ಶಾಸನ. ಹುಡುಗಿ ಆ ಹೆಸರನ್ನು ಬೆರಳಿಟ್ಟು ಮೂರು ಸಲ ಓದಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಕಮಿಟಿ ಮೀಟಿಂಗು ಆ ಸಂಜೆಯೇ ಆಯ್ತು, ಕೆಳಗೆ ಡೈರಿಯಲ್ಲಿ ಹಾಲು ಅಳೀತಿರುವಾಗ. ಜಗಳವೂ ಆಯ್ತು, ಎಲ್ಲ ಬರೆಯಲ್ಲ. ಕೊನೆಗೆ ಆದದ್ದು ಹೀಗೆ. ಎಪಿಗ್ರಾಫಿಯ ಎಂಟನೇ ಸಂಪುಟದಲ್ಲಿ ನಮ್ಮ ತಾಲ್ಲೂಕಿನ ಪುಟಗಳನ್ನು ಪ್ರಿಂಟ್ ತೆಗೆದು ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಸೋದು. ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಒಂದು, ಮಕ್ಕಳ ಕೈಗೆ ಕೊಡೋಕೆ 'ರತ್ನಕೋಶ' ಮೂರು ಪ್ರತಿ. ಕಿಟೆಲ್ ಅಚ್ಚಿನಲ್ಲಿ ಸಿಕ್ಕಿದರೆ ಅದು. ಒಳ್ಳೇ ಅಟ್ಲಾಸ್ ಒಂದು. ಇಂಗ್ಲಿಷ್ ವಿಶ್ವಕೋಶ ಅಚ್ಚಿನಲ್ಲಿ ಬೇಡವೇ ಬೇಡ, ಅದಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಅದರಲ್ಲಿ ಕಿವಿಕ್ಸ್ ಹಾಕೋದು. ನೆಟ್ ಇಲ್ಲದೆಯೂ ವಿಕಿಪೀಡಿಯ ಓದೋ ಹಾಗೆ ಮಾಡುವ ತಂತ್ರಾಂಶ ಅದು, 2007ರಿಂದ ಇದೆ. ಚಿತ್ರ ಸಹಿತ ಇಡೀ ಇಂಗ್ಲಿಷ್ ವಿಕಿಪೀಡಿಯ ನೂರು ಜಿ.ಬಿ. ಹತ್ತಿರ ಆಗುತ್ತೆ, ಕನ್ನಡದ್ದು ಅದರ ಮುಂದೆ ಚಿಟಿಕೆಯಷ್ಟು. ವರ್ಷಕ್ಕೊಮ್ಮೆ ನಾನು ಬೆಂಗಳೂರಿನಿಂದ ಹೊಸ ಪ್ರತಿ ತಂದು ಹಾಕಬೇಕು ಅಂತ ಒಪ್ಪಿಸಿದ್ದಾರೆ. ಲ್ಯಾಪ್‌ಟಾಪ್ ಮುಂದೆ ಕೂರುವ ಸರದಿಯ ಪಟ್ಟಿ ಮೇಷ್ಟ್ರು ಬರೀತಾರೆ, ಹುಡುಗಿಯರಿಗೆ ಸಂಜೆ ಐದರಿಂದ ಆರು ಮೀಸಲು. ಇದಕ್ಕೆ ಹುಡುಗರ ಪಾರ್ಟಿ ಸ್ವಲ್ಪ ಗೊಣಗಿತು.

ಹಿರಿಯರ ಪಾರ್ಟಿ ವಿಶ್ವಕೋಶ ಬಿಡಲೇ ಇಲ್ಲ. ಹೊಸದಾಗಿ ಪೂರ್ತಿ ಸೆಟ್ಟಿಗೆ ದುಡ್ಡು ಸಾಲದು. ಹಳೇದು ಸಿಕ್ಕಷ್ಟು ತರೋಣ ಅಂತಾಯ್ತು. ಕಳೆದ ಭಾನುವಾರ ಅವೆನ್ಯೂ ರಸ್ತೆಯಲ್ಲಿ ಅಲೆದು ಕನ್ನಡ ವಿಶ್ವಕೋಶದ ಐದು ಬಿಡಿ ಸಂಪುಟ, 'ವಿಜ್ಞಾನ ಪ್ರಪಂಚ'ದ ಎರಡು ಹಿಡಿದು ತಂದಿದ್ದೇನೆ. ಒಂದರ ಮೇಲೆ ಯಾವುದೋ ಶಾಲೆಯ ಸೀಲು ಇದೆ, ಒಳಗೆ ಬೀರುವಿನ ನಂಬರು. ಪುಟಗಳು ಒಂದಕ್ಕೊಂದು ಅಂಟಿಕೊಂಡ ಹಾಗೇ ಇವೆ. ಯಾರೂ ತ��ರೆದಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೋ, ಅಪ್ಪನ ಹಳೇ ಪೆಟ್ಟಿಗೆಯಲ್ಲೋ ಈ ವಿಶ್ವಕೋಶದ 3, 6, 7ನೇ ಸಂಪುಟ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ. ಬಂದು ತಗೊಂಡು ಹೋಗ್ತೀನಿ. ಗೆದ್ದಲು ಹಿಡಿದಿದ್ದರೂ ಪರವಾಗಿಲ್ಲ, ಮೇಷ್ಟ್ರು ಬೇವಿನ ಸೊಪ್ಪು ಒಣಗಿಸಿ ಇಟ್ಟುಕೊಂಡಿದ್ದಾರೆ.